ಮುನಿಆಂಜನಪ್ಪನ ನಲವತ್ತು ಕಂಡೀಷನ್ನು

ಹಲೋ... ಹಲೋ, ಯಾರು ಮಾತಾಡೋದು? ಶಿವಾಜಿನಗರದ ಟೈಪಿಂಗ್ ಅಂಗಡಿನಾ? ಇನಾಯತ್ ಉಲ್ಲಾ ಅವ್ರೇನಾ?...

ಹಾಂ, ನಾನು ಮರ್ಫಿ ಟೌನ್ ಮುನಿಆಂಜನಪ್ಪ ಕಣ್ರೀ. ಹೋದ ವಾರ ಬಾಡಿಗೆ ಅಗ್ರಿಮೆಂಟ್ ಟೈಪ್ ಮಾಡಿಸ್ಕೊಂಡು ಹೋದ್ನಲ್ಲಾ, ನಲವತ್ತು ಕಂಡೀಷನ್ನು...

ನಗ್ಬೇಡಿ ಭಾಯ್. ಹಿಂದೆ ಬಾಡಿಗೆಗಿದ್ದೋನು ಟೆರೇಸಲ್ಲಿ ಕೋಳಿ ಸಾಕಿದ್ದ. ಆ ಹೊಟ್ಟೆಉರಿಗೆ ಕೂತು ಒಂದೊಂದೇ ಬರೆದಿದ್ದು...

ಅಗ್ರಿಮೆಂಟ್ ಗಟ್ಟಿಯಾಗೇ ಇದೆ! ಅದೇ ಕಷ್ಟ. ಮಾಲೀಕರು ಅನ್ನೋ ಕಡೆ ಯಾರ ಹೆಸರು ಹಾಕಿದೀರಿ, ನೋಡಿ ಸ್ವಲ್ಪ...

ಮಧುರಾ. ಹಾಂ. ಆಯಮ್ಮ ಬಾಡಿಗೆಗೆ ಬಂದಿರೋಳು ಕಣ್ರೀ! ಬಾಡಿಗೆದಾರರು ಅನ್ನೋ ಕಡೆ ನಾನಿದೀನಿ!...

ಸ್ಟಾಂಪ್ ಪೇಪರಲ್ಲಿ ಅವಳ ಹೆಸರು ಮೊದ್ಲಿತ್ತು ಅಂತ ಅವಳೇ ಮಾಲೀಕರು ಅಂದ್ಕೊಂಡ್ರಾ? ಇರುತ್ತೆ, ಪೇಪರ್ ನೀನೇ ತಗೊಂಬಾಮ್ಮ ಅಂತ ಅವಳನ್ನೇ ಕಳಿಸಿದ್ದೆ...

ಓದಿ ಸೈನ್ ಹಾಕ್ಬೇಕಿತ್ತಾ? ನಾನೇ ಬರೆದಿದ್ದನ್ನ ನಾನ್ಯಾಕ್ರೀ ಓದ್ಲಿ?...

ಏನಾಯ್ತಾ? ಮೊನ್ನೆ ನಮ್ಮ ಮನೆಯವ್ಳು ಚಿಕ್ಕಮುನಿಯಮ್ಮ ಒಣಮೀನು ಹುರಿದ್ಲು. "ಅಂಕಲ್, ಕಂಡೀಷನ್ ಒಂಬತ್ತು, ಮೀನು ಹುರಿಯೋ ಹಾಗಿಲ್ಲ" ಅಂತ ಆಯಮ್ಮ ಬಾಗಿಲಿಗೇ ಬಂದು ನಿಂತ್ಲು. ನಿನ್ನೆ ನಾದಿನಿ ಅಂಜಿನಮ್ಮ ಬಂದು ಉಳ್ಕೊಂಡ್ಲು. ನೆಂಟರು ಉಳಿಯೋ ಹಾಗಿಲ್ಲ, ಅಲ್ವಾ? ಎರಡು ತಪ್ಪಾಯ್ತು...

ಮೂರನೇದಾದ್ರೆ? ಸಂಜೆಯೊಳಗೆ ಮನೆ ಖಾಲಿ. ಅಯ್ಯೋ, ಅದರ ಕೆಳಗೆ ಎರಡು ಗೆರೆ ಎಳೆಸಿದ್ದೂ ನಾನೇ! ನಾನು ಹುಟ್ಟಿದ ಮನೆ ಭಾಯ್ ಇದು...

ಏನಂದ್ರಿ? ಕೋರ್ಟಲ್ಲಿ ನಿಲ್ಲಲ್ವಾ? ಯಾಕ್ ನಿಲ್ಲಲ್ಲ? ನಾನು ಬರೆದಿರೋ ಅಗ್ರಿಮೆಂಟ್ ಕಣ್ರೀ ಅದು! ಯಾವ ಲಾಯರ್ ಬಂದ್ರೂ ಒಂದಕ್ಷರ ಅಲ್ಲಾಡ್ಸಕ್ಕಾಗಲ್ಲ!...

ಹಾಂ, ಹೊಸದಾಗಿ ಮಾಡ್ಸೋಣ ಅಂದೆ. ಆಯಮ್ಮ ಒಪ್ತಾಳೆ, ಕಂಡೀಷನ್ನೆಲ್ಲಾ ಹೊಡೆದು ಹಾಕಿ ಅಂತಾಳೆ. ನಲವತ್ತೂ! ಪ್ರಾಣ ಹೋದ್ರೂ ಆಗಲ್ಲ ಅಂದ್ಬಿಟ್ಟೆ...

ಎಲ್ಲಿಂದ ಮಾತಾಡ್ತಿದೀನಾ? ಮೆಟ್ಟಿಲ ಮೇಲಿಂದ. ಒಳಗೆ ಸಿಗ್ನಲ್ ಸಿಗಲ್ಲ. ಯಾಕೆ?...

ಮೂವತ್ತೆಂಟನೇದಾ? ಓದಿ, ಓದಿ... "ಬಾಡಿಗೆದಾರರು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು..." ಅಯ್ಯಯ್ಯೋ!

ಒಂದ್ನಿಮಿಷ ಭಾಯ್... ಬಾಮ್ಮ ಮಧುರಾ, ವಾಚ್ ಯಾಕಮ್ಮ ನೋಡ್ತಿದೀಯ?... ಆರು ನಿಮಿಷ ಆಯ್ತಾ?...

ಭಾಯ್, ಇಡ್ಬೇಡಿ, ಇಡ್ಬೇಡಿ. ನಿಮ್ಮ ಕಡೆ ಯಾವುದಾದ್ರೂ ಬಾಡಿಗೆ ಮನೆ ಇದ್ಯಾ? ಇವತ್ತು ಸಂಜೆಗೇ ಬೇಕು. ಒಣಮೀನು ಹುರಿಯೋಕೆ ಬಿಡ್ಬೇಕು, ನಾದಿನಿ ಬಂದ್ರೆ ಏನೂ ಅನ್ಬಾರ್ದು... ಹಲೋ? ಕೇಳಿಸ್ತಿದ್ಯಾ? ಅಗ್ರಿಮೆಂಟ್ ಮಾತ್ರ ಟೈಪ್ ಮಾಡ್ಬೇಡಿ, ನಾನೇ ಬರ್ಕೊಂಡ್ ಬರ್ತೀ...