ಚರಂಡಿ ಮೂಲೆಗೆ ನಾನಿಟ್ಟ ಮೂಟೆ

...ಅದಕ್ಕೇ ಮಕ್ಳೇ, ನಾನು ಬೊಬ್ಬೆ ಹಾಕ್ತಿರೋದು, ಆ ಚರಂಡಿಗೆ ಕಲ್ಲು ಅಡ್ಡ ಇಡಬೇಡಿ ಅಂತ. ಕೊಳ ಮಾಡಿ ದೋಣಿ ಬಿಡ್ತಾರಂತೆ! ಬನ್ನಿ ಇಲ್ಲಿ, ಜಗಲಿ ಮೇಲೆ ಕೂತ್ಕೊಳ್ಳಿ. ಇದೇ ಚರಂಡಿ, ಇದೇ ಮೂಲೆ, ನಾನೂ ಒಂದ್ಸಲ ಅಡ್ಡ ಇಟ್ಟಿದ್ದೆ. ಆಟಕ್ಕಲ್ಲ, ದೊಡ್ಡ ಬುದ್ಧಿವಂತೆ ಅಂದ್ಕೊಂಡು. ತೊಂಬತ್ತೈದೋ ಆರೋ, ದೀಪಾವಳಿ ಮುಗಿದಿತ್ತು... ಅಲ್ಲ ಅಲ್ಲ, ಮುಗಿದಿರಲಿಲ್ಲ, ಎಣ್ಣೆಸ್ನಾನಕ್ಕೆ ಅಂತ ತಂದಿಟ್ಟ ಸೀಗೆಪುಡಿ ಆ ನೀರಲ್ಲೇ ಹೋಯ್ತಲ್ಲ. ನಾನು ಗುಂಡ್ಲುಪೇಟೆ ಕಡೆಯೋಳು, ಗೊತ್ತಲ್ಲ. ನಮ್ಮಲ್ಲಿ ಎರಡು ಹನಿ ಬಿದ್ರೆ ಸಾಕು, ನಮ್ಮಪ್ಪ ಗುದ್ದಲಿ ಹಿಡ್ಕೊಂಡು ಹೊಲಕ್ಕೆ ಓಡೋರು, ಬದು ಕಟ್ಟೋಕೆ. 'ಬಂದ ನೀರ ಬುಟ್ಟೋನು ಉಣ್ಣಕಿಲ್ಲ ಕಣವ್ವ' ಅನ್ನೋರು. ಆ ಬುದ್ಧೀನೇ ಗಂಟು ಕಟ್ಕೊಂಡು ಈ ಬೆಟ್ಟದ ತುಮ್ಮನಟ್ಟಿಗೆ ಸೊಸೆಯಾಗಿ ಬಂದೆ. ಇಲ್ಲಿ ನೋಡಿದ್ರೆ ಒಂದು ಚೊಂಬು ಇಡೋಕೂ ಸಮನಾದ ನೆಲ ಇಲ್ಲ. ಮೇಲಿನ ನೀರೆಲ್ಲಾ ನಮ್ಮ ಮನೆ ಹಿಂದಿನ ಚರಂಡಿಗೆ ಬಂದು, ಇಗೋ ಈ ಮೂಲೇಲಿ ತಿರುಗಿ, ಕ್ಯಾರೆಟ್ ಪಾತಿ ಪಕ್ಕದಲ್ಲೇ ಹಳ್ಳಕ್ಕೆ ಇಳೀತದೆ. ಬೆಟ್ಟದ ಮೇಲಿರೋರ ಮನೆಗೆ ನೀರು ನುಗ್ಗುತ್ತೆ ಅಂತ ಯಾರಾದ್ರೂ ಅಂದ್ಕೋತಾರಾ? ನಾನಂತೂ ಅಂದ್ಕೊಂಡಿರಲಿಲ್ಲ.

ಮೂರು ದಿನದಿಂದ ಬಿಡದೆ ಮಳೆ. ನಿಮ್ಮ ತಾತ ಮೇಟುಪಾಳ್ಯಕ್ಕೆ ತರಕಾರಿ ಲೋಡು ತಗೊಂಡು ಹೋದೋರು, ದಾರೀಲಿ ಮಣ್ಣು ಕುಸಿದು ಅಲ್ಲೇ ಉಳ್ಕೊಂಡ್ರು. ನಿಮ್ಮಪ್ಪ ಹಾಸ್ಟೆಲ್ಲಲ್ಲಿ. ಮನೇಲಿ ನಾನು, ನಮ್ಮತ್ತೆ, ಇಬ್ಬರೇ. ಅತ್ತೆ ಅಂದ್ರೆ ನಿಮ್ಮ ಮುತ್ತಜ್ಜಿ, ಕಾಲು ಮುರಿದು ಬ್ಯಾಂಡೇಜು ಹಾಕ್ಸ್ಕೊಂಡು ಹಿಂದಿನ ಕೋಣೇಲಿ ಮಲಗಿದ್ರು. ಆಗ ಹಿಂದಿನ ಗೋಡೆ ಬರೀ ಮಣ್ಣಿಂದು. ಮಧ್ಯಾಹ್ನ ನೋಡ್ತೀನಿ, ಚರಂಡಿ ತುಂಬಿ ಪಾತಿ ಮೇಲೆ ಹರೀತಿದೆ, ಮಣ್ಣು ಕೊಚ್ಚಿಕೊಂಡು ಹೋಗ್ತಿದೆ. ಮುಂದಿನ ವಾರ ಕೀಳೋ ಕ್ಯಾರೆಟ್ಟು! ಓಡಿ ಹೋಗಿ ಗೊಬ್ಬರದ ಚೀಲಕ್ಕೆ ಮಣ್ಣು ತುಂಬ್ದೆ, ಮೂರು ಚೀಲ, ಇಲ್ಲ ನಾಲ್ಕು, ಈ ಮೂಲೇಲಿ ಒಂದರ ಮೇಲೊಂದು ಒಟ್ಟಿದೆ. ನೀರು ನಿಂತೇ ಹೋಯ್ತು. ಸೊಂಟಕ್ಕೆ ಕೈ ಕೊಟ್ಟು ನಿಂತ್ಕೊಂಡೆ, ನಮ್ಮಪ್ಪ ನೋಡಬೇಕಿತ್ತು ಅಂತ. ನಿಂತ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ನನಗೆ ಹೊಳೀಲೇ ಇಲ್ಲ ಕಣ್ರೋ, ನಿಜವಾಗ್ಲೂ.

ಕಾಫಿಗಿಡೋಣ ಅಂತ ಒಳಗೆ ಬಂದ್ರೆ ಅಡುಗೆಮನೆ ನೆಲ ಒದ್ದೆ. ಹೆಂಚು ಸೋರ್ತಿದೆ ಅಂದ್ಕೊಂಡು ಪಾತ್ರೆ ಇಟ್ಟೆ, ಒಂದು ಹನಿ ಬೀಳ್ಲಿಲ್ಲ. ಹಂಡೆ ತೂತಾಯ್ತೇನೋ ಅಂತ ತಡವಿ ನೋಡ್ದೆ, ಹಂಡೆ ಗಟ್ಟಿ ಇದೆ. ಅಷ್ಟರಲ್ಲಿ ಅತ್ತೆ ಕೂಗಿದ್ರು, 'ರತ್ನೀ, ನನ್ ಚಪ್ಲಿ ತೇಲ್ತಾ ಅದೆ ಕಣೇ!' ಬಕೆಟ್ ತಗೊಂಡು ಮೊಗೆದು ಮೊಗೆದು ಹಿಂಬಾಗಿಲಿಂದ ಚೆಲ್ಲಿದೆ. ಚೆಲ್ಲಿದಷ್ಟೂ ಅದೇ ಬಾಗಿಲ ಕೆಳಗಿಂದ ಒಳಗೆ ಬರ್ತಿದೆ. ಇದು ನಾನು ಚೆಲ್ಲಿದ ನೀರಾ, ಬೇರೆ ನೀರಾ, ನೆಲದೊಳಗೇ ಒರತೆ ಎದ್ದಿದ್ಯಾ, ತಲೆಯೇ ಓಡ್ಲಿಲ್ಲ. 'ಚರಂಡಿ ಏನಾರ ಕಟ್ಕೊಂಡದಾ ನೋಡವ್ವ' ಅಂದ್ರು ಅತ್ತೆ. 'ಇಲ್ಲ ಅತ್ತೆ, ಚರಂಡಿಗೇನೂ ಆಗಿಲ್ಲ' ಅಂದೆ. ಸುಳ್ಳು ಹೇಳಿದ್ನಾ? ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಕಟ್ಟಿದ ನೀರೇ ಬೇರೆ, ಮನೆಗೆ ಬರ್ತಿರೋ ನೀರೇ ಬೇರೆ ಅಂತಲೇ ನನ್ನ ತಲೇಲಿ.

ಆಗ ಬಿತ್ತು ನೋಡಿ, ಹಿಂದಿನ ಗೋಡೆಯಿಂದ ಒಂದು ಮಣ್ಣಿನ ಹೆಂಟೆ, ಅತ್ತೆ ಕಾಲ ಹತ್ರಾನೇ. ಭಯ ಅಂದ್ರೆ ಭಯ. ಮಂಚ ಎಳೆದ್ರೆ ಬಾಗಿಲಲ್ಲಿ ಹಿಡಿಸ್ಲಿಲ್ಲ. ಅವ್ರನ್ನೇ ಎತ್ತೋಣ ಅಂದ್ರೆ ನನ್ನ ಕೈಲಿ ಆಗ್ಲಿಲ್ಲ. ಅತ್ತೆ ನನ್ನ ಕೈ ಹಿಡ್ಕೊಂಡ್ರು, ಮೊಣಕೈವರೆಗೂ ಕೆಂಪು ಮಣ್ಣು ಮೆತ್ತಿದ್ದು ನೋಡಿದ್ರು. 'ಎಲ್ಲಿ ಕಟ್ದೆ, ರತ್ನೀ?'

'ಮೂಲೇಲಿ... ಕ್ಯಾರೆಟ್ಟು ಹೋಗುತ್ತಲ್ಲ ಅತ್ತೆ...'

'ಕ್ಯಾರೆಟ್ಟು ಇನ್ನೊಂದ್ ಸಲ ಬಿತ್ತುದ್ರೆ ಬತ್ತದೆ. ನನ್ನ ಬಿತ್ತುದ್ರೆ ಬತ್ತೀನಾ? ಓಡೇ, ಕಿತ್ತಾಕು!'

ಓಡಿದೆ. ಮೇಲಿನ ಒಂದು ಮೂಟೆ ಎಳೆದೆ ಅಷ್ಟೇ, ಉಳಿದವನ್ನ ನೀರೇ ತಳ್ಳಿಬಿಡ್ತು. ನನ್ನ ಕಣ್ಣ ಮುಂದೇನೇ ಒಂದೊಂದು ಪಾತಿ ಕಿತ್ಕೊಂಡು ಹೋಯ್ತು, ಕ್ಯಾರೆಟ್ಟೆಲ್ಲಾ ಹಳ್ಳಕ್ಕೆ. ಮೂರೂವರೆ ತಿಂಗಳ ದುಡಿಮೆ. ಮಳೇಲೇ ಕೂತ್ಕೊಂಡು ಗೋಳೋ ಅಂತ ಅತ್ಬಿಟ್ಟೆ. ಒಳಗೆ ಬಂದ್ರೆ ನೀರು ಇಳೀತಿತ್ತು, ಗೋಡೆ ನಿಂತಿತ್ತು. ಮಾರನೇ ದಿನ ಕೆಳಗಿನ ಹಟ್ಟಿ ಮಾದಿಯಕ್ಕ ಒಂದು ಬುಟ್ಟಿ ಕ್ಯಾರೆಟ್ ಹೊತ್ಕೊಂಡು ಬಂದಳು, 'ಹಳ್ಳದಲ್ಲಿ ಸಿಕ್ತು ರತ್ನ, ನಿಂದೇ ಇರಬೇಕು. ತೊಳೆಯೋ ಕೂಲೀನೂ ಉಳೀತು ನೋಡು!' ಅಂತ ನಕ್ಕಳು. ನನಗೆ ನಗು ಬರ್ಲಿಲ್ಲ.

ನಿಮ್ಮ ತಾತ ಬಂದೋರು ಬೋಳು ಪಾತಿ ನೋಡಿದ್ರು. 'ಏನಾಯ್ತು?' ಅಂದ್ರು. ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಒಳಗಿಂದ ಅತ್ತೆ, 'ಬೆಟ್ಟದ್ ಮಳೆ ಕಣಪ್ಪ, ಯಾರ್ ಮಾತ ಕೇಳ್ತದೆ' ಅಂದ್ಬಿಟ್ರು. ಅಷ್ಟೇ. ಸಾಯೋವರೆಗೂ ಇನ್ನೊಂದು ಮಾತಾಡ್ಲಿಲ್ಲ, ನನಗೂ ಎತ್ತಿ ಆಡ್ಲಿಲ್ಲ. ತಾತನಿಗೆ ಇನ್ನೂ ಗೊತ್ತಿಲ್ಲ, ಒಳಗೆ ರೇಡಿಯೋ ಕೇಳ್ತಿದ್ದಾರೆ, ಊದಿಬಿಟ್ಟೀರಿ ಜೋಕೆ! ನೀರಿಗೆ ಅಡ್ಡ ನಿಲ್ಲೋ ಮೊದಲು ಅದರ ದಾರಿ ಯಾವುದು ಅಂತ ನೋಡ್ಕೋಬೇಕು, ಮಕ್ಳೇ. ಇನ್ನೂ ಕೂತೇ ಇದ್ದೀರಲ್ಲ! ಹೋಗಿ, ಆ ಕಲ್ಲು ತೆಗೀರಿ.