ಬಂಡಿಯೊಳಗೆ ಬೇಡವಾದ ಶೆಗಡಿ

ನಿಜಾಮರ ಕಾಲದ ಒಂದು ಚಳಿಯ ಮುಂಜಾನೆ, ಕಲಬುರಗಿಯಲ್ಲಿ ತನ್ನೂರಿನ ಬಂಡಿಗೆ ಕಾಯುತ್ತಿದ್ದ ಇಂದೂಬಾಯಿಯ ಕಿವಿಗೆ ಪಕ್ಕದ ಮಾತು ಬಿತ್ತು. ಮುದುಕಿಯೊಬ್ಬಳು ದಿನ ತುಂಬದೆ ಹುಟ್ಟಿದ ಮೊಮ್ಮಗನನ್ನು ಅವಚಿಕೊಂಡು, ಕೆಂಡ ತುಂಬಿದ ಪುಟ್ಟ ಶೆಗಡಿ ಹಿಡಿದು ಕಮಲಾಪುರದ ಎತ್ತಿನ ಬಂಡಿ ಹತ್ತುತ್ತಿದ್ದಳು.

“ಶೆಗಡಿ ಒಳಗ ಬ್ಯಾಡ್ರಿ, ಭಾಗಮ್ಮ,” ಎಂದ ಬಂಡಿ ಹೊಡೆಯುವ ದೌಲಪ್ಪ.

“ಕೂಸಿನ ಮೈ ತಣ್ಣಗಾಗಾಕತ್ತದೋ. ಹಡೆದಾಕಿ ಸತ್ತಾಳ. ಕಮಲಾಪುರದಾಗ ನನ್ನ ಮಗಳು ಹಾಲು ಕೊಡ್ತಾಳ, ಅಲ್ಲೀತನಕ ಇದೊಂದ ಬಿಸಿ.”

“ಪರದಾ ಕಟ್ಟಿದ್ರ ಇದ್ದಿಲ ಹೊಗಿ ತುಂಬ್ತದ. ನಮ್ಮಣ್ಣ ಹಿಂಗ ಮಲಗಿದಾಂವ ಏಳಲಿಲ್ರಿ.”

“ತೆರದ್ರ ಗಾಳಿ ಕೊಲ್ತದ. ಏನ್ ಮಾಡ್ಲಿ?”

“ಮೈಗೆ ಮೈ ಹಚ್ಕೊಂಡು ಕೂಡ್ರಿ. ನನ್ನ ಕಂಬಳಿನೂ ತಗೋರಿ.”

ಭಾಗಮ್ಮ ಶೆಗಡಿಯನ್ನು ಇಂದೂಬಾಯಿಯ ಕಾಲ ಬಳಿ ಇಟ್ಟು ಒಳಗೆ ಕುಳಿತಳು. ಬಂಡಿ ಹೊರಟಿತು. ಇಂದೂಬಾಯಿಗೆ ಕೂಸಿಗೆ ಸಿಗದ ಆ ಕೆಂಡಕ್ಕೆ ಕೈ ಚಾಚಲು ಮನಸ್ಸಾಗಲಿಲ್ಲ.