ಕಂಬದ ಹಿಂದಿನ ಗೋಲು

ಮಾನ್ಯ ಅಧ್ಯಕ್ಷರೇ, ಕಪ್ ಗೆದ್ದು ತಂದ ನಮ್ಮ ಆಟಗಾರರೇ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೇ ಬಂದಿರುವ ಸಭಿಕರೇ,

ಗೆಲುವಿನ ಸಂಭ್ರಮದಲ್ಲಿ ನನ್ನಂಥ ಒಬ್ಬ ದರ್ಜಿಯನ್ನೂ ಮರೆಯದೆ ಕರೆದಿದ್ದೀರಿ. ‘ಹನ್ನೆರಡು ವರ್ಷ ತಂಡದ ಎಲ್ಲ ಗೋಲುಗಳನ್ನೂ ಕಣ್ಣಾರೆ ಕಂಡ ಅಭಿಮಾನಿ’ ಎಂದು ನನಗೆ ಕೊಟ್ಟ ಈ ಫಲಕದಲ್ಲಿ ಬರೆಸಿದ್ದೀರಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

‘ನೀವು ನೋಡಿದ ಮೈದಾನಗಳಲ್ಲಿ ಯಾವುದು ಇಷ್ಟ, ಯಾವುದು ಕಷ್ಟ?’ ಎಂದು ಕಾರ್ಯದರ್ಶಿಗಳು ಕೇಳಿದರು. ಇಷ್ಟವಾದದ್ದು ರೈಲ್ವೆ ವರ್ಕ್‌ಶಾಪಿನ ಹಿಂದಿನದು. ಅಲ್ಲಿ ಬೆಂಚುಗಳು ಗೆರೆಗೆ ಎಷ್ಟು ಹತ್ತಿರವೆಂದರೆ, ಒಮ್ಮೆ ಎದುರಾಳಿ ಗೋಲ್‌ಕೀಪರ್ ತಿರುಗಿ, ‘ಅಣ್ಣಾ, ಟೈಮೆಷ್ಟು?’ ಎಂದು ನನ್ನನ್ನೇ ಕೇಳಿದ. ನಾನು ಟೈಮ್ ಹೇಳುವಷ್ಟರಲ್ಲಿ ನನ್ನ ಕಣ್ಣೆದುರೇ ನಮ್ಮವರು ಗೋಲು ಹೊಡೆದಾಗಿತ್ತು! ಅಂಥ ಮೈದಾನವನ್ನು ಯಾರು ತಾನೇ ಮರೆತಾರು?

ಕಷ್ಟವಾದದ್ದು ಗುಡ್ಡದ ಮೇಲಿನ ಆ ದೊಡ್ಡ ಮೈದಾನ. ಅಲ್ಲಿ ನಮಗೆ ಕೊಡುವ ಮೂಲೆಯಲ್ಲಿ ಒಂದು ಕಂಬ. ಸಿಟ್ಟು ತಡೆಯಲಾರದೆ ವಿರಾಮದಲ್ಲಿ ಟೇಪು ಹಿಡಿದು ಅಳೆದಿದ್ದೇನೆ: ಸೊಂಟ ಎಪ್ಪತ್ತೆರಡು ಇಂಚು. ನಮ್ಮ ಪಾಲಿಗೆ ಪ್ರತಿ ವರ್ಷವೂ ಅವೇ ಎರಡು ಸೀಟು. ಒಂದರಲ್ಲಿ ಕೂತರೆ ಮೈದಾನ ಕಾಣುತ್ತದೆ, ಇನ್ನೊಂದರಲ್ಲಿ ಕೂತರೆ ಕಂಬ. ಮೈದಾನದ ಸೀಟು ನನ್ನದು. ಕಂಬದ್ದು, ನಮ್ಮ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವ ನನ್ನ ಹೆಂಡತಿಯದು.

ನಗಬೇಡಿ. ಹನ್ನೊಂದು ವರ್ಷ ಹಾಗೇ ನಡೆಯಿತು. ಹನ್ನೊಂದು ವರ್ಷವೂ ಅಲ್ಲಿ ಸೋತೆವು. ಹನ್ನೊಂದು ವರ್ಷವೂ ಅವಳು ‘ಏನಾಯ್ತು ರೀ?’ ಎಂದರೆ, ‘ಸುಮ್ನಿರೇ, ಆಟ ನೋಡೋಕೆ ಬಿಡು’ ಎಂದು ಗದರಿದೆ.

ಈ ಸಲ ಫೈನಲ್ ಅಲ್ಲೇ. ಅದಕ್ಕೆ ಮೂರು ವಾರ ಮೊದಲು ಅವಳ ಕಣ್ಣಿನ ಪೊರೆ ತೆಗೆಸಿದ್ದೆವು. ಹೋದವಳೇ ನನ್ನ ಸೀಟಿನಲ್ಲಿ ಕೂತುಬಿಟ್ಟಳು. ‘ಇಷ್ಟು ವರ್ಷ ಕಂಬ ನೋಡಿದ್ದೀನಿ. ಹೊಸ ಕಣ್ಣಲ್ಲೂ ಅದನ್ನೇ ನೋಡ್ಲಾ?’ ನಾನು ಕಂಬದ ಹಿಂದೆ ಕೂತೆ.

ಕೊನೆಯ ನಿಮಿಷ. ಸಮ ಸಮ. ಚೆಂಡು ಬಲಕ್ಕೆ ಹೋಯಿತು, ಕಂಬದಾಚೆ ಮಾಯವಾಯಿತು. ನಮ್ಮ ಮೂಲೆಯವರೆಲ್ಲ ಎದ್ದರು. ‘ಏನಾಯ್ತೇ?’ ಎಂದು ಅವಳ ತೋಳು ಜಗ್ಗಿದೆ. ‘ಸುಮ್ನಿರಿ’ ಎನ್ನಬಹುದಿತ್ತು ಅವಳು. ಎನ್ನಲಿಲ್ಲ. ‘ರೀ, ಇಬ್ಬರ ಮಧ್ಯೆ, ಕಾಜಾದಲ್ಲಿ ಗುಂಡಿ ತೂರಿದ ಹಾಗೆ ಹೋಯ್ತು! ಗೆದ್ವಿ ರೀ!’

ಗೆದ್ದೆವು, ಸಭಿಕರೇ, ಗೆದ್ದೆವು! ಆ ಎಪ್ಪತ್ತೆರಡು ಇಂಚಿನ ಸೊಂಟವನ್ನೇ ತಬ್ಬಿಕೊಂಡು ಅತ್ತೆ. ನನಗೆ ಈಗ ಅದಕ್ಕಿಂತ ಇಷ್ಟವಾದ ಮೈದಾನವಿಲ್ಲ.

ಆದರೆ ಈ ಫಲಕದ ಮಾತು ಸುಳ್ಳು. ಆ ಗೋಲನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಕಂಡವಳ ಕೈಗೇ ಇದನ್ನು ಕೊಡೋಣವೆಂದು ಮಾತಾಡುತ್ತಲೇ ಹುಡುಕುತ್ತಿದ್ದೇನೆ, ಕಾಣುತ್ತಿಲ್ಲ. ಕಾರ್ಯದರ್ಶಿಗಳೇ, ಅವಳನ್ನು ಎಲ್ಲಿ ಕೂರಿಸಿದ್ದೀರಿ? ಓಹೋ! ಈ ಸಭಾಂಗಣದಲ್ಲೂ ಒಂದು ಕಂಬವೇ?

ಎದ್ದು ಬಾರೇ. ವೇದಿಕೆಯ ಮೇಲೆ ನನ್ನ ಕುರ್ಚಿ ಖಾಲಿ ಇದೆ, ಇಲ್ಲಿಂದ ಎಲ್ಲಾ ಕಾಣುತ್ತೆ. ನಿನ್ನ ಜಾಗಕ್ಕೆ ನಾನು ಹೋಗುತ್ತೇನೆ. ಅವಳು ಬಂದು ಕೂರುವವರೆಗೆ ನಿಮ್ಮ ಚಪ್ಪಾಳೆ ನಿಲ್ಲದಿರಲಿ. ಕಂಬದ ಹಿಂದಿನಿಂದಲೇ ನಿಮಗೆಲ್ಲ ನನ್ನ ಧನ್ಯವಾದ, ನಮಸ್ಕಾರ.